ಕಾಡ್ಗಿಚ್ಚಿಗೆ ಹೋಗುವ ಕಾಲಿಗೊಂದು ಜೋಡು

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಹೋದವರಿಗೆಲ್ಲ ಈ ನೋಟ ಗೊತ್ತು. ಮಹಾದ್ವಾರದ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಅಂಗಳದ ಹಾಸುಗಲ್ಲು ಚುರ್ ಎನ್ನುತ್ತದೆ. ಸೀರೆಯ ನೆರಿಗೆ ಎತ್ತಿ ಹಿಡಿದ ಅಜ್ಜಿ, ಮಗುವನ್ನು ಹೆಗಲಿಗೇರಿಸಿಕೊಂಡ ಅಪ್ಪ, ಸಾಲಾಗಿ ಬಂದ ಶಾಲೆಯ ಮಕ್ಕಳು, ಎಲ್ಲರೂ ತುದಿಗಾಲಲ್ಲಿ ಓಡುತ್ತಾರೆ. ಗುಡಿಯ ನೆರಳು ಸಿಕ್ಕಿದ ಮೇಲೆ ನಿಂತು, ಒಂದು ಪಾದವನ್ನು ಇನ್ನೊಂದರ ಮೇಲೆ ಒರೆಸಿಕೊಂಡು ಉಸಿರು ಬಿಡುತ್ತಾರೆ. ಆಮೇಲಷ್ಟೇ ಶಿಲಾಬಾಲಿಕೆಯರ ಕಡೆಗೆ ಕಣ್ಣು ಹೋಗುವುದು.

ಬಿಸಿಲಿಗೆ ಕಾದ ಕಲ್ಲು 50 ಡಿಗ್ರಿ ದಾಟಿದರೆ ಬರಿಗಾಲಿಗೆ ತಾಳಲಾಗದು. ನಮಗೆ ಆ ಕಷ್ಟ ಮೂವತ್ತು ನಲವತ್ತು ಹೆಜ್ಜೆಯದು. ಅದೇ ಬಿಸಿಲಿನಲ್ಲಿ, ಪಕ್ಕದ ತಾಲ್ಲೂಕಿನ ಗುಡ್ಡವೊಂದರಲ್ಲಿ ಒಣಹುಲ್ಲು ಹೊತ್ತಿಕೊಂಡಿರುತ್ತದೆ. ಅದನ್ನು ಆರಿಸಲು ಹೋದವನು ಹಸಿಸೊಪ್ಪಿನ ಕೊಂಬೆ ಹಿಡಿದು, ಉರಿದು ಕರಿಯಾದ ನೆಲದ ಅಂಚಿನಲ್ಲಿ ನಾಲ್ಕೈದು ಗಂಟೆ ನಿಂತಿರುತ್ತಾನೆ. ಅವನ ಕಾಲಲ್ಲಿ ಏನಿದೆ ಎಂದು ಎಷ್ಟು ಜನ ನೋಡಿದ್ದೇವೆ?

ಬೆಂಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೆಂಪು ವಾಹನ, ಗಂಟೆಯ ಸದ್ದು, ಉದ್ದನೆಯ ಏಣಿ. 2023ರ ಜನವರಿಯಲ್ಲಿ ಬೆಂಗಳೂರಿಗೆ 90 ಮೀಟರ್ ಎತ್ತರಕ್ಕೆ ಚಾಚುವ ಏಣಿ ವಾಹನ ಬಂತು. ಬರಬೇಕಾದದ್ದೇ. ಬಹುಮಹಡಿ ಕಟ್ಟಡಗಳ ಊರಿಗೆ ಅದು ಬೇಕು. ಆದರೆ ಅಗ್ನಿಶಾಮಕ ಸಲಕರಣೆಗಳ ಇಡೀ ಚರಿತ್ರೆಯಲ್ಲಿ ಅತ್ಯಂತ ಸಾದಾ, ಅತ್ಯಂತ ಅಗ್ಗದ, ಅತ್ಯಂತ ಹೆಚ್ಚು ಕಡೆಗಣಿಸಲ್ಪಟ್ಟ ವಸ್ತು ಯಾವುದು ಎಂದರೆ ನಾನು ಬೂಟಿನ ಕಡೆಗೆ ಕೈ ತೋರಿಸುತ್ತೇನೆ. ಈ ಲೇಖನ ಹೆಚ್ಚಾಗಿ ಅದರದೇ ಕಥೆ.

ಕಾಡುಮನೆಯ ಫೆಬ್ರವರಿ

ಹಾಸನ ಜಿಲ್ಲೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ಹಾದು ಹೋದರೆ ಬೆಂಕಿಯ ಮೂರು ಬಗೆಯ ನೆಲ ಕಾಣುತ್ತದೆ. ಅರಸೀಕೆರೆಯ ಕಡೆ ಕುರುಚಲು ಕಾಡು, ಬೋಳು ಬಂಡೆ, ಹಿರೇಕಲ್ಲು ಗುಡ್ಡದಂಥ ಒಣ ಬೆಟ್ಟಗಳು. ಅಲ್ಲಿ ಸಂಕ್ರಾಂತಿ ಕಳೆಯುವಷ್ಟರಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ಹಳೇಬೀಡಿನ ಸುತ್ತ ಹೊಲ, ಕೆರೆ, ತೆಂಗಿನ ತೋಟ. ಅಲ್ಲಿ ಬದುವಿನ ಕಸಕ್ಕೆ ಹಚ್ಚಿದ ಬೆಂಕಿ ಪಕ್ಕದ ತೋಟಕ್ಕೆ ಜಾರುವುದೇ ಹೆಚ್ಚು. ಬೇಲೂರು ದಾಟಿ ಪಶ್ಚಿಮಕ್ಕೆ ಹೋದಂತೆ ಕಾಫಿ ತೋಟ, ಅದರಾಚೆ ಸಕಲೇಶಪುರದ ಹುಲ್ಲುಗಾವಲು ಗುಡ್ಡಗಳು. ಮಳೆಗಾಲದಲ್ಲಿ ಹಸುರು ಹಾಸಿದಂತಿರುವ ಇದೇ ಗುಡ್ಡಗಳು ಫೆಬ್ರವರಿಯಲ್ಲಿ ಒಂದು ಬೀಡಿಯ ತುಂಡಿಗೆ ಕಾದಿರುತ್ತವೆ.

2023ರ ಫೆಬ್ರವರಿ ನಡುಭಾಗದಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಇಂಥದೊಂದು ಬೆಂಕಿ ಎದ್ದಿತು. ಆರಿಸಲು ಹೋದ ಅರಣ್ಯ ಇಲಾಖೆಯ ಸಿಬ್ಬಂದಿ ಉರಿಯ ನಡುವೆ ಸಿಕ್ಕಿಕೊಂಡರು. ಅರಣ್ಯ ರಕ್ಷಕ ಸುಂದರೇಶ್ ಸುಟ್ಟಗಾಯಗಳಿಂದ ತೀರಿಕೊಂಡರು. ಜೊತೆಗಿದ್ದವರೂ ಗಾಯಗೊಂಡರು. ಅದಕ್ಕೆ ಆರು ವರ್ಷ ಮೊದಲು, 2017ರ ಫೆಬ್ರವರಿಯಲ್ಲೇ, ಬಂಡೀಪುರದ ಬೆಂಕಿಯಲ್ಲಿ ಅರಣ್ಯ ರಕ್ಷಕ ಮುರಿಗೆಪ್ಪ ಜೀವ ಕಳೆದುಕೊಂಡಿದ್ದರು. 2019ರಲ್ಲಿ ಬಂಡೀಪುರ ಮತ್ತೆ ಹೊತ್ತಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಆದರೆ ಹೆಲಿಕಾಪ್ಟರ್ ನೀರು ಸುರಿದು ಹೋದ ಮೇಲೂ ಒಂದೊಂದು ಹೊಗೆಯಾಡುವ ಬೊಡ್ಡೆಯ ಹತ್ತಿರ ನಡೆದು ಹೋಗಿ ಅದನ್ನು ಆರಿಸಬೇಕಾದವನು ಮನುಷ್ಯನೇ.

ಗುಡ್ಡದ ಬೆಂಕಿಗೆ ಒಂದು ಗುಣವಿದೆ. ಅದು ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ. ಉರಿ ಮೇಲಿನ ಹುಲ್ಲಿಗೆ ಬಾಗಿ, ಅದನ್ನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸಿಟ್ಟಿರುತ್ತದೆ. ಇಳಿಜಾರು 10 ಡಿಗ್ರಿ ಏರಿದಂತೆಲ್ಲ ಬೆಂಕಿಯ ಓಟ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಕಾಡ್ಗಿಚ್ಚನ್ನು ಓದಿದವರ ಲೆಕ್ಕ. ಮನುಷ್ಯನ ಓಟ ಇದಕ್ಕೆ ತದ್ವಿರುದ್ಧ. ಏರು ಹೆಚ್ಚಿದಷ್ಟೂ ಅವನು ನಿಧಾನ. ಜಾರುವ ಅಟ್ಟೆಯ ಚಪ್ಪಲಿಯಲ್ಲಿ ಇನ್ನೂ ನಿಧಾನ.

ಕೆಂಡ ಹಾಯ್ದ ಕಾಲು ಸುಡುವುದಿಲ್ಲವಲ್ಲ?

ನಮ್ಮ ಊರುಗಳಲ್ಲಿ ಈ ಮಾತು ಎತ್ತಿದರೆ ತಕ್ಷಣ ಬರುವ ಪ್ರಶ್ನೆ ಇದು. ಜಾತ್ರೆಯಲ್ಲಿ ಕೆಂಡ ಹಾಯುವವರನ್ನು ನಾವೆಲ್ಲ ನೋಡಿದ್ದೇವೆ. ರಾತ್ರಿಯಿಡೀ ಸೌದೆ ಉರಿಸಿ, ಬೆಳಗಿನ ಜಾವ ಕೊಂಡದಲ್ಲಿ ಕೆಂಡ ಹರಡಿ, ಅದರ ಮೇಲೆ ಬರಿಗಾಲಲ್ಲಿ ನಡೆದು ಹೋಗುತ್ತಾರೆ. ಪಾದಕ್ಕೆ ಏನೂ ಆಗಿರುವುದಿಲ್ಲ. ಬೆಂಕಿಗೆ ಹೋಗಲು ಬೂಟು ಯಾಕೆ ಬೇಕು?

ಭಕ್ತಿಯ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಕಾಲಿನ ವಿಷಯದಲ್ಲಿ ಹೇಳುವುದಾದರೆ, ಕೆಂಡ ಬಲು ಬಿಸಿ ನಿಜ. ಆದರೆ ಇದ್ದಲು ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುವ ವಸ್ತುವಲ್ಲ. ಅದರ ಮೇಲೆ ಬೂದಿಯ ತೆಳು ಹೊದಿಕೆ ಬೇರೆ. ಕಾಲು ಒಂದು ಹೆಜ್ಜೆಯಲ್ಲಿ ಕೆಂಡದ ಮೇಲೆ ಇರುವುದು ಒಂದು ಸೆಕೆಂಡಿಗಿಂತ ಕಡಿಮೆ. ಆರೇಳು ಹೆಜ್ಜೆಗೆ ಕೊಂಡ ಮುಗಿಯುತ್ತದೆ. ಅಷ್ಟರೊಳಗೆ ಚರ್ಮದ ಒಳಪದರಕ್ಕೆ ಸುಡುವಷ್ಟು ಶಾಖ ಇಳಿಯುವುದಿಲ್ಲ. ಒಲೆಯ ಮೇಲಿನ ಕಬ್ಬಿಣದ ಕಾವಲಿಯನ್ನು ಹೀಗೆ ತುಳಿಯಲು ಯಾರೂ ಹೋಗುವುದಿಲ್ಲ. ಅದು ಕೆಂಡಕ್ಕಿಂತ ತಣ್ಣಗಿದ್ದರೂ ಕಾಲಿಗೆ ಅಂಟಿಕೊಂಡ ಹಾಗೆ ಸುಡುತ್ತದೆ.

ಕಾಡಿನ ಬೆಂಕಿಯಲ್ಲಿ ಆರೇಳು ಹೆಜ್ಜೆಯ ಲೆಕ್ಕ ನಡೆಯುವುದಿಲ್ಲ. ಅಲ್ಲಿ ನಿಲ್ಲಬೇಕು. ನಿಂತಷ್ಟೂ ಶಾಖ ಕೂಡುತ್ತಾ ಹೋಗುತ್ತದೆ. ಚರ್ಮ 44 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇದ್ದರೂ ಸುಟ್ಟಗಾಯವಾಗುತ್ತದೆ. 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ಇದರ ಜೊತೆಗೆ ಮುಳ್ಳು, ಚೂಪು ಬೊಡ್ಡೆ, ಉರುಳುವ ಕಲ್ಲು, ಒಳಗೊಳಗೇ ಬೆಂದು ಟೊಳ್ಳಾದ ಬೇರಿನ ಗುಂಡಿ.

ಎಲ್ಲಕ್ಕಿಂತ ಅಪಾಯ ಪ್ಲಾಸ್ಟಿಕ್ಕಿನದು. ಊರಲ್ಲಿ ಸಾಮಾನ್ಯವಾಗಿ ಸಿಗುವ ಹಗುರ ಚಪ್ಪಲಿ, ಅಗ್ಗದ ಪ್ಲಾಸ್ಟಿಕ್ ಶೂ ನೀರು ಕುದಿಯುವಷ್ಟು ಬಿಸಿಗೆ ಮೊದಲೇ ಮೆತ್ತಗಾಗುತ್ತವೆ. ಕರಗಿದ ಪ್ಲಾಸ್ಟಿಕ್ ಮೇಣದಂತೆ ಚರ್ಮಕ್ಕೆ ಅಂಟುತ್ತದೆ. ಕಿತ್ತರೆ ಚರ್ಮವೂ ಬರುತ್ತದೆ. ಟೆರಿಕಾಟ್ ಬಟ್ಟೆಯದೂ ಇದೇ ಗುಣ. ಅದರಲ್ಲಿರುವ ಪಾಲಿಯೆಸ್ಟರ್ ಎಳೆ ಸುಮಾರು 250 ಡಿಗ್ರಿಗೆ ಕರಗುತ್ತದೆ, ಬೆಂಕಿಯ ನಾಲಗೆ 800 ಡಿಗ್ರಿ ಮುಟ್ಟಬಲ್ಲದು. ಬರೀ ಹತ್ತಿಯ ಬಟ್ಟೆ ಉರಿಯುತ್ತದೆ, ಆದರೆ ಕರಗಿ ಅಂಟುವುದಿಲ್ಲ. ಬೆಂಕಿಗೆ ಹೋಗುವವರು ನೈಲಾನ್ ಕಾಲುಚೀಲ ಬಿಟ್ಟು ಹತ್ತಿಯದೋ ಉಣ್ಣೆಯದೋ ಹಾಕಬೇಕು ಎನ್ನುವುದು ಇದಕ್ಕೇ.

ಸುಟ್ಟ ನೆಲವೇ ಆಸರೆ

1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾ ಪ್ರಾಂತ್ಯದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ಕಾಡ್ಗಿಚ್ಚು ಆರಿಸಲು ಹೋದ ತಂಡವೊಂದನ್ನು ಹುಲ್ಲಿನ ಬೆಂಕಿ ಅಟ್ಟಿಸಿಕೊಂಡು ಬಂತು. ಎಲ್ಲರೂ ಏರುಗುಡ್ಡ ಓಡತೊಡಗಿದರು. ತಂಡದ ಮುಂದಾಳು ವ್ಯಾಗ್ನರ್ ಡಾಡ್ಜ್ ಓಡುವುದನ್ನು ನಿಲ್ಲಿಸಿ, ಕಡ್ಡಿ ಗೀರಿ ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಇಟ್ಟ. ಆ ಹುಲ್ಲು ಉರಿದು ಹೋದ ಕರಿನೆಲದೊಳಗೆ ಹೊಕ್ಕು ಮುಖ ನೆಲಕ್ಕೆ ಒತ್ತಿ ಮಲಗಿದ. ಬೆನ್ನಟ್ಟಿ ಬಂದ ಬೆಂಕಿಗೆ ಅಲ್ಲಿ ತಿನ್ನಲು ಏನೂ ಉಳಿದಿರಲಿಲ್ಲ. ಅದು ಎರಡು ಪಕ್ಕದಿಂದ ಹಾದು ಹೋಯಿತು. ಉಳಿದವರನ್ನು ಅವನು ಕರೆದ. ಅವನಿಗೆ ಬುದ್ಧಿ ಕೆಟ್ಟಿದೆ ಎಂದುಕೊಂಡರೋ, ಸದ್ದಿನಲ್ಲಿ ಕೇಳಿಸಲಿಲ್ಲವೋ, ಯಾರೂ ಬರಲಿಲ್ಲ. ಆ ಬೆಂಕಿಗೆ 13 ಮಂದಿ ಬಲಿಯಾದರು. ಡಾಡ್ಜ್ ಬದುಕಿದ.

ನಮ್ಮ ಕಾಡಂಚಿನ ಹಿರಿಯರಿಗೆ ಎದುರುಬೆಂಕಿ ಕೊಡುವುದು ಹೊಸ ವಿದ್ಯೆಯಲ್ಲ. ಬೇಸಿಗೆಗೆ ಮೊದಲೇ ಅಂಚಿನ ಹುಲ್ಲು ಸವರಿ, ಸುಟ್ಟು, ಬೆಂಕಿ ರೇಖೆ ಮಾಡುವುದರ ಹಿಂದಿರುವುದೂ ಇದೇ ತಿಳಿವಳಿಕೆ. ಒಮ್ಮೆ ಉರಿದ ನೆಲ ಮತ್ತೆ ಉರಿಯದು. ಇಂದು ಜಗತ್ತಿನ ಎಲ್ಲ ಕಡೆ ಕಾಡ್ಗಿಚ್ಚಿನ ತಂಡಗಳಿಗೆ ಕಲಿಸುವ ಮೊದಲ ಪಾಠಗಳಲ್ಲಿ ಇದೊಂದು: ದಿಕ್ಕು ತೋಚದಿದ್ದರೆ ಸುಟ್ಟ ನೆಲದ ಕಡೆಗೆ ಸರಿಯಿರಿ.

ಈಗ ಕಾಲಿನ ಮಾತಿಗೆ ಬರೋಣ. ಸುಟ್ಟ ನೆಲ ಎಂದರೆ ಕೆಂಡ, ಬಿಸಿಬೂದಿ, ಹೊಗೆಯಾಡುವ ಬುಡಗಳ ನೆಲ. ಕಾಲಲ್ಲಿ ಗಟ್ಟಿ ಬೂಟಿದ್ದವನು ಎರಡು ಹೆಜ್ಜೆಯಲ್ಲಿ ಅದರೊಳಗೆ ದಾಟಿ ಬದುಕಬಹುದು. ಹವಾಯಿ ಚಪ್ಪಲಿಯವನಿಗೆ ಆ ಬಾಗಿಲು ಮುಚ್ಚಿದಂತೆಯೇ. ಅವನು ಸುಡದ ಹುಲ್ಲಿನ ಕಡೆಗೇ, ಎಂದರೆ ಬೆಂಕಿ ಬರುವ ದಾರಿಯಲ್ಲೇ ಓಡಬೇಕಾಗುತ್ತದೆ. ಬೂಟು ಪಾದವನ್ನಷ್ಟೇ ಕಾಯುವುದಿಲ್ಲ. ತಪ್ಪಿಸಿಕೊಳ್ಳುವ ದಾರಿಯನ್ನು ತೆರೆದಿಡುತ್ತದೆ. ಈ ಒಂದು ಮಾತು ಎಲ್ಲರಿಗೂ ಮುಟ್ಟಿದರೆ ಈ ಬರಹದ ಕೆಲಸ ಮುಗಿದಂತೆ.

ಬೂಟಿನೊಳಗೆ ಏನಿದೆ

ರಬ್ಬರ್ ಹಾಲು ಮೊದಲಿಗೆ ಬೂಟಿಗೆ ಒಗ್ಗದ ವಸ್ತುವಾಗಿತ್ತು. ಬೇಸಿಗೆಯಲ್ಲಿ ಅಂಟು, ಚಳಿಗಾಲದಲ್ಲಿ ಬಿರುಕು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದಾಗ ಅದು ಗಟ್ಟಿಯಾಗಿಯೂ ಬಾಗುವಂತೆಯೂ ಆಗುವುದನ್ನು ಕಂಡುಕೊಂಡ. ಅದರಿಂದಲೇ ಮಂಡಿಯವರೆಗಿನ ಗಂಬೂಟು ಬಂತು, ನೀರಿಗೆ ನಿಲ್ಲುವ ಅಟ್ಟೆ ಬಂತು. ಅವನ ಮಗ, ಅದೇ ಹೆಸರಿನವನು, 1870ರ ಆಸುಪಾಸಿನಲ್ಲಿ ಇನ್ನೊಂದು ಉಪಕಾರ ಮಾಡಿದ: ಬೂಟಿನ ಮೇಲುಭಾಗಕ್ಕೆ ಚರ್ಮದ ಪಟ್ಟಿಯೊಂದನ್ನು ಹೊಲಿದು, ಆ ಪಟ್ಟಿಗೆ ಅಟ್ಟೆಯನ್ನು ಹೊಲಿಯುವ ಯಂತ್ರ. ಬೆಂಕಿಯ ಕೆಲಸಕ್ಕೆ ಈ ಹೊಲಿಗೆ ಬಲು ಮುಖ್ಯ. ಬರೀ ಅಂಟು ಹಾಕಿ ಕೂರಿಸಿದ ಅಟ್ಟೆ ಬಿಸಿಗೆ ಅಂಟು ಸಡಿಲಾಗಿ ಬಾಯಿ ಬಿಡುತ್ತದೆ. ಗುಡ್ಡದ ನಡುವೆ ಅಟ್ಟೆ ಕಳಚಿದರೆ ಆ ಮನುಷ್ಯ ಅಲ್ಲಿಗೆ ಬರಿಗಾಲಿನವನು.

ಅಟ್ಟೆಯ ಕೆಳಗಿನ ಹಲ್ಲುಗಳಿಗೂ ಒಂದು ದುಃಖದ ಹಿನ್ನೆಲೆಯಿದೆ. 1935ರಲ್ಲಿ ಇಟಲಿಯ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಚಾರಣಿಗರು ಹಿಮಗಾಳಿಗೆ ಸಿಕ್ಕಿ ಸತ್ತರು. ಅವರ ಬೂಟು ಆ ನೆಲಕ್ಕೆ ಹೊಂದುವಂಥದ್ದಾಗಿರಲಿಲ್ಲ. ಜೊತೆಗಾರರನ್ನು ಕಳೆದುಕೊಂಡ ವಿಟಾಲೆ ಬ್ರಮಾನಿ ಮನೆಗೆ ಬಂದು ಎರಡು ವರ್ಷ ಅದೇ ಯೋಚನೆಯಲ್ಲಿದ್ದು, 1937ರಲ್ಲಿ ಆಳವಾದ ಹಲ್ಲುಗಳ ರಬ್ಬರ್ ಅಟ್ಟೆಯನ್ನು ರೂಪಿಸಿದರು. ಇವತ್ತು ಕಾಡ್ಗಿಚ್ಚಿನವರ ಬೂಟಿನ ತಳದಲ್ಲಿ ಇರುವುದು ಅದೇ ವಂಶದ ಹಲ್ಲು. ಟ್ರ್ಯಾಕ್ಟರ್ ಚಕ್ರದ ಹಾಗೆ ಅದು ಸಡಿಲ ಮಣ್ಣನ್ನು ಕಚ್ಚಿ ಹಿಡಿಯುತ್ತದೆ.

ಕಾರ್ಖಾನೆಯ ಸೇಫ್ಟಿ ಶೂ ನಮಗೆ ಹೆಚ್ಚು ಪರಿಚಿತ. ಬೆರಳ ಮೇಲೆ ಉಕ್ಕಿನ ಟೋಪಿ, ಅಟ್ಟೆಯ ನಡುವೆ ಮೊಳೆ ತೂರದ ಹಾಳೆ. ಭಾರತೀಯ ಮಾನಕ ಐಎಸ್ 15298ರ ಪ್ರಕಾರ ಬೆರಳಿನ ಟೋಪಿ 200 ಜೂಲ್ ಪೆಟ್ಟು ತಾಳಬೇಕು. ಎಂದರೆ 20 ಕಿಲೋ ತೂಕವನ್ನು ಒಂದು ಮೀಟರ್ ಎತ್ತರದಿಂದ ಬೆರಳ ಮೇಲೆ ಬಿಟ್ಟಷ್ಟು ಪೆಟ್ಟು. ಶಾಖಕ್ಕೆ ಬೇರೆ ಪರೀಕ್ಷೆಗಳಿವೆ. ಶಾಖ ತಡೆಯುತ್ತದೆ ಎಂದು ಗುರುತು ಪಡೆಯಬೇಕಾದ ಬೂಟನ್ನು 150 ಡಿಗ್ರಿ ಬಿಸಿಯ ಮೇಲೆ ಅರ್ಧ ಗಂಟೆ ಇಡುತ್ತಾರೆ. ಅಷ್ಟರಲ್ಲಿ ಒಳಗಿನ ಬಿಸಿ 22 ಡಿಗ್ರಿಗಿಂತ ಹೆಚ್ಚು ಏರಬಾರದು. ಇನ್ನೊಂದರಲ್ಲಿ ಅಟ್ಟೆಗೆ 300 ಡಿಗ್ರಿಯ ಲೋಹವನ್ನು ಒಂದು ನಿಮಿಷ ಒತ್ತಿ ಹಿಡಿಯುತ್ತಾರೆ; ಅದು ಕರಗಲೂ ಬಾರದು, ಬಿರುಕು ಬಿಡಲೂ ಬಾರದು.

ಕಾರ್ಖಾನೆಗೆ ಒಳ್ಳೆಯದಾದದ್ದು ಕಾಡಿಗೆ ಒಳ್ಳೆಯದಾಗಬೇಕಿಲ್ಲ. ಉಕ್ಕು ಶಾಖವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಗಂಟೆಗಟ್ಟಲೆ ಬಿಸಿನೆಲದಲ್ಲಿ ನಡೆದಾಗ ಬೆರಳಿನ ಟೋಪಿಯೇ ಬೆರಳಿಗೆ ಒಲೆಯಾಗಬಹುದು. ಹಾಗಾಗಿ ಕಾಡ್ಗಿಚ್ಚಿನ ಬೂಟಿಗೆ ಸಾಮಾನ್ಯವಾಗಿ ಉಕ್ಕು ಹಾಕುವುದಿಲ್ಲ. ದಪ್ಪ ಚರ್ಮ, ಕಣಕಾಲು ದಾಟುವ 8 ಇಂಚು ಎತ್ತರ, ಬಿಗಿಯಾಗಿ ಕಟ್ಟುವ ಲಾಡಿ, ಶಾಖಕ್ಕೆ ಕರಗದ ಹಲ್ಲಿನ ಅಟ್ಟೆ. ಇಷ್ಟೇ. ಬೆಂಕಿಗೆ ಚರ್ಮ ಕಮರುತ್ತದೆ, ಮುದುಡುತ್ತದೆ, ಆದರೆ ಕರಗಿ ಕಾಲಿಗೆ ಅಂಟುವುದಿಲ್ಲ. ಇನ್ನೂರು ವರ್ಷದ ಇಷ್ಟೊಂದು ರಸಾಯನ ವಿದ್ಯೆಯ ನಂತರವೂ ಈ ಕೆಲಸಕ್ಕೆ ಚರ್ಮವೇ ಮುಂದಿದೆ.

ಊರಿನ ಬೆಂಕಿಗೆ ಹೋಗುವ ಅಗ್ನಿಶಾಮಕ ದಳದವರಿಗೆ ಇದೇ ಬೂಟು ಸಾಲದು. ಅವರು ನೀರಿನಲ್ಲಿ ನಿಲ್ಲುತ್ತಾರೆ. ಕಿಟಕಿ ಗಾಜು, ಮೊಳೆ, ಕುಸಿದ ತೊಲೆ ತುಳಿಯುತ್ತಾರೆ. ಅವರಿಗೆ ಉಕ್ಕಿನ ಬೆರಳು, ಉಕ್ಕಿನ ಹಾಳೆ, ನೀರು ಒಳಬಾರದ ಎತ್ತರದ ಬೂಟು ಬೇಕು. ಅವರ ಚರ್ಮದ ಬೂಟಿಗೆಂದೇ ಐಎಸ್ 4128 ಎಂಬ ಪ್ರತ್ಯೇಕ ಮಾನಕ ಇದೆ.

ತಲೆ, ಮೈ, ಉಸಿರು

ಕಾಲಿನ ಮೇಲಿನ ಕಥೆಯನ್ನು ಬೇಗ ಹೇಳುತ್ತೇನೆ. ಅಗ್ನಿಶಾಮಕರ ಟೋಪಿಗೆ ಹಿಂದೆ ಬಾಲದಂತೆ ಅಂಚು ಯಾಕಿದೆ ಎಂದು ನೀವು ಯೋಚಿಸಿರಬಹುದು. 1836ರಲ್ಲಿ ನ್ಯೂಯಾರ್ಕಿನ ಹೆನ್ರಿ ಗ್ರಾಟಕ್ಯಾಪ್ ಚರ್ಮದಲ್ಲಿ ಮಾಡಿದ ಟೋಪಿಯಿಂದ ಅದು ಬಂದದ್ದು. ಮೇಲಿನಿಂದ ಸುರಿಯುವ ನೀರು, ಕೆಂಡ ಕುತ್ತಿಗೆಯೊಳಗೆ ಇಳಿಯದಿರಲಿ ಎಂದು.

ಬಟ್ಟೆಯ ಕಥೆಯಲ್ಲಿ ನಮ್ಮ ಜಿಲ್ಲೆಯ ನೆಲವೂ ಬರುತ್ತದೆ. 1820ರ ದಶಕದ ಕೊನೆಯಲ್ಲಿ ಇಟಲಿಯ ವಿಜ್ಞಾನಿ ಜಿಯೊವನ್ನಿ ಆಲ್ಡಿನಿ ಕಲ್ನಾರಿನ ಅಂಗಿ ತೊಡಿಸಿ ಜನರನ್ನು ಬೆಂಕಿಯೊಳಗೆ ನಡೆಸಿ ತೋರಿಸಿದ. ಕಲ್ಲಿನ ನಾರು, ಅದಕ್ಕೇ ಕಲ್ನಾರು. ಕನ್ನಡ ಒಂದೇ ಪದದಲ್ಲಿ ಅದರ ಗುಣ ಹೇಳಿಬಿಟ್ಟಿದೆ. ಹೊಳೆನರಸೀಪುರದ ಸುತ್ತಲಿನ ಹಳೆಯ ಶಿಲಾಪದರಗಳಲ್ಲಿ ಈ ಕಲ್ನಾರು ಸಿಗುತ್ತದೆ. ಬೆಂಕಿಗೆ ಅದು ಜಗ್ಗುವುದಿಲ್ಲ ನಿಜ. ಆದರೆ ಅದರ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶಕ್ಕೆ ಹೊಕ್ಕು ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರ್ ತರುತ್ತವೆ ಎಂದು 20ನೇ ಶತಮಾನದಲ್ಲಿ ಗೊತ್ತಾಯಿತು. ಬೆಂಕಿಯಿಂದ ಕಾಯಲೆಂದು ತೊಡಿಸಿದ ಬಟ್ಟೆಯೇ ತೊಟ್ಟವರನ್ನು ತಿಂದಿತ್ತು. ಅದರ ಜಾಗಕ್ಕೆ 1960ರ ದಶಕದಲ್ಲಿ ನೋಮೆಕ್ಸ್ ಎಂಬ ಎಳೆ ಬಂತು. ಅದು ಕರಗುವುದಿಲ್ಲ, ಉರಿ ತಾಗಿದರೆ ಕಪ್ಪಾಗಿ ದಪ್ಪವಾಗಿ ಹೊರಗಿನ ಶಾಖವನ್ನು ತಡೆಯುತ್ತದೆ. ಇಂದಿನ ಅಗ್ನಿಶಾಮಕ ಅಂಗಿ ಮೂರು ಪದರದ್ದು: ಉರಿ ತಡೆಯಲು ಹೊರಗಿನದು, ನೀರು ತಡೆಯಲು ನಡುವಿನದು, ಶಾಖ ತಡೆಯಲು ಒಳಗಿನದು.

ಇಲ್ಲಿ ನನ್ನದೊಂದು ತಕರಾರಿದೆ. ಈ ಮೂರು ಪದರದ ಅಂಗಿಯನ್ನು ಅರಸೀಕೆರೆಯ ಏಪ್ರಿಲ್ ಬಿಸಿಲಲ್ಲಿ ಗುಡ್ಡ ಹತ್ತುವವನಿಗೆ ತೊಡಿಸಿದರೆ ಅವನು ಬೆಂಕಿ ತಲುಪುವ ಮೊದಲೇ ಬಸವಳಿದು ಬೀಳುತ್ತಾನೆ. ಕಾಡಿಗೆ ಬೇಕಾದದ್ದು ಒಂದೇ ಪದರದ, ಉರಿ ಹತ್ತದಂತೆ ಹದ ಮಾಡಿದ ಹತ್ತಿಯ ಅಥವಾ ಅಂಥದೇ ಎಳೆಯ ಸಡಿಲ ಅಂಗಿ. ದುಬಾರಿಯದನ್ನು ಕೊಂಡು ಕಪಾಟಿನಲ್ಲಿಡುವುದಕ್ಕಿಂತ ಹಾಕಿಕೊಳ್ಳಲಾಗುವಂಥದ್ದನ್ನು ಕೊಡುವುದು ಮೇಲು.

ಉಸಿರಿನ ವಿಷಯದಲ್ಲಿ ಒಬ್ಬನನ್ನು ನೆನೆಯಲೇಬೇಕು. ಅಮೆರಿಕದ ಕಪ್ಪುಜನಾಂಗದ ಗ್ಯಾರೆಟ್ ಮಾರ್ಗನ್ 1914ರಲ್ಲಿ ಹೊಗೆ ಮುಸುಕಿಗೆ ಪೇಟೆಂಟ್ ಪಡೆದ. ಹೊಗೆ ಮೇಲಕ್ಕೇರುತ್ತದೆ, ನೆಲದ ಹತ್ತಿರ ಗಾಳಿ ಚೆನ್ನಾಗಿರುತ್ತದೆ ಎಂಬ ಸಾದಾ ತಿಳಿವಳಿಕೆಯಿಂದ, ನೆಲದವರೆಗೆ ಇಳಿಯುವ ಕೊಳವೆಯ ಮುಸುಕು ಅದು. 1916ರಲ್ಲಿ ಕ್ಲೀವ್‌ಲ್ಯಾಂಡಿನ ಈರಿ ಸರೋವರದ ಕೆಳಗಿನ ಸುರಂಗದಲ್ಲಿ ಸ್ಫೋಟವಾದಾಗ ಮಾರ್ಗನ್ ತಾನೇ ಅದನ್ನು ತೊಟ್ಟು ಒಳಗೆ ಹೋಗಿ ಜನರನ್ನು ಹೊತ್ತು ತಂದ. ಅಷ್ಟಾದರೂ ಮಾಡಿದವನು ಕರಿಯ ಎಂದು ತಿಳಿದು ಕೊಳ್ಳಲು ಹಿಂದೆಗೆದವರಿದ್ದರು.

ಈಗ ಅಗ್ನಿಶಾಮಕರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹೋಗುತ್ತಾರೆ. ಅದು ಸುಮಾರು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯ ಉಸಿರು. ಗಾಳಿ ತೀರುವ ಮೊದಲು ತಾನೇ ಸೀಟಿ ಊದುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತಾಗ ಅಲ್ಲಿ ಉರಿಗಿಂತ ಹೆಚ್ಚು ಕೊಂದದ್ದು ಹೊಗೆಯ ಭಯ ಮತ್ತು ಹೊಗೆ.

ತೋಟ ಮತ್ತು ಅಟ್ಟ

ಅರಸೀಕೆರೆ ಸೀಮೆಯ ಮನೆಗಳಲ್ಲಿ ಕೊಬ್ಬರಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗುತ್ತದೆ. ಅದರ ಪಕ್ಕದಲ್ಲೇ ಸಿಪ್ಪೆಯ ರಾಶಿ, ಊರಾಚೆ ನಾರಿನ ಕಾರ್ಖಾನೆ. ಸರಿಯಾಗಿ ಒಣಗದ ಕೊಬ್ಬರಿ ರಾಶಿಯೊಳಗೆ ತಾನೇ ಬಿಸಿಯೇರಬಲ್ಲದು. ಹಡಗು ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳು ಕೊಬ್ಬರಿಯನ್ನು ತಾನಾಗಿ ಹೊತ್ತಿಕೊಳ್ಳಬಹುದಾದ ಸರಕಿನ ಪಟ್ಟಿಯಲ್ಲಿ ಇಟ್ಟಿವೆ. ನಾರಿನ ರಾಶಿಯ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೆ ಕಮರುತ್ತಿರುತ್ತದೆ. ಅದರ ಮೇಲೆ ಹತ್ತಿ ನಿಂತವನ ಕಾಲು ಹುಗಿದರೆ ಏನಾಗುತ್ತದೆ ಎಂದು ಊಹಿಸಬಹುದು. ಇಂಥ ರಾಶಿಯ ಮೇಲೆ ಯಾರೂ ಹತ್ತಬಾರದು. ಅಂಚಿನಿಂದ ಎಳೆದು ಹರಡಿ ನೀರು ಹಾಕಬೇಕು.

ಬೂಟಿನ ಅಗತ್ಯ ಬೆಂಕಿಗೆ ಮುಗಿಯುವುದಿಲ್ಲ. ಬೇಲೂರಿನ ಕಾಫಿ ತೋಟದ ಆಳಿಗೆ ಗಂಬೂಟು ಹಾವಿನಿಂದ ರಕ್ಷಣೆ. ಕೊಳಕುಮಂಡಲದಂಥ ಹಾವು ಹೆಚ್ಚಾಗಿ ಕಚ್ಚುವುದು ಪಾದಕ್ಕೆ, ಕಣಕಾಲಿಗೆ. ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯಗಳ ಸಾಲಿಗೆ ಸೇರಿಸಿತು. ಒಂದು ಜೊತೆ ಗಂಬೂಟು ಇದರಲ್ಲಿ ಎಷ್ಟನ್ನು ತಪ್ಪಿಸಬಲ್ಲದು ಎಂದು ತೋಟದ ಯಜಮಾನರು ಯೋಚಿಸಲಿ. ಒಂದು ಎಚ್ಚರಿಕೆ: ಹಾವಿಗೆ ಒಳ್ಳೆಯದಾದ ಪ್ಲಾಸ್ಟಿಕ್ ಗಂಬೂಟನ್ನು ಹಾಕಿಕೊಂಡು ಬೆಂಕಿಗೆ ಹೋಗಬೇಡಿ.

ಚೆನ್ನಕೇಶವನ ಜೋಡು

ಮತ್ತೆ ಬೇಲೂರಿಗೆ ಬರೋಣ. ಹೊಯ್ಸಳ ಶಿಲ್ಪಿಗಳು ಭೈರವನ ಕಾಲಿಗೆ ಹಾವುಗೆ ತೊಡಿಸಿದ್ದಾರೆ. ಚೆನ್ನಕೇಶವನಿಗೂ ಜೋಡಿನ ನಂಟಿದೆ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಒಂದು ನಂಬಿಕೆಯನ್ನು ದಾಖಲಿಸಿದ್ದಾರೆ. ದೇವರು ಬಾಬಾಬುಡನ್ ಗಿರಿಯಲ್ಲಿರುವ ದೇವಿಯನ್ನು ಕಾಣಲು ಆಗಾಗ ನಡೆದು ಹೋಗುತ್ತಾನೆ. ಅದಕ್ಕೆಂದೇ ಗುಡಿಯಲ್ಲಿ ದೊಡ್ಡದೊಂದು ಜೊತೆ ಪಾದರಕ್ಷೆ ಇರುತ್ತದೆ. ಅವು ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚರ್ಮಕಾಯಕದವರು ಹೊಸದನ್ನು ಹೊಲಿದು ತರಬೇಕು. ಆ ಸೇವೆಗಾಗಿ ಅವರಿಗೆ ದೇವಸ್ಥಾನದ ಅಂಗಳಕ್ಕೆ ಪ್ರವೇಶವಿತ್ತು.

ಅಂಗಳದೊಳಗೆ ಕಾಲಿಡಲು ಅವರಿಗೆ ಜೋಡು ಹೊಲಿದ ನೆಪ ಬೇಕಾಗಿತ್ತು ಎಂಬುದು ನೋವಿನ ಮಾತು. ಊರಿನವರ ಕಾಲು ಕಾದವರನ್ನೇ ಊರು ಹೊರಗಿಟ್ಟಿತ್ತು. ಮಾರ್ಗನ್‌ನ ಮುಸುಕಿಗೆ ಆದದ್ದೂ ಬೇರೆಯಲ್ಲ. ಆ ಕಾಯಕದ ಜನರಿಗೆ ನೆರವಾಗಲೆಂದು 1976ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಲಿಡ್ಕರ್. 2023ರಲ್ಲಿ ಅದರ ರಾಯಭಾರಿಯಾದವರು ಅರಸೀಕೆರೆ ತಾಲ್ಲೂಕಿನವರೇ ಆದ ನಟ ಡಾಲಿ ಧನಂಜಯ. ಹೊಲಿಗೆ ಹಾಕಿದ ಗಟ್ಟಿ ಚರ್ಮದ ಬೂಟು ನಮ್ಮ ಕಾಡು ಕಾಯುವವರಿಗೆ ಬೇಕು. ಚರ್ಮ ಬಲ್ಲ ಕೈಗಳು ನಮ್ಮ ರಾಜ್ಯದಲ್ಲೇ ಇವೆ. ಈ ಎರಡನ್ನು ಸೇರಿಸುವುದು ಸರ್ಕಾರಕ್ಕೆ ದೊಡ್ಡ ಕೆಲಸವಲ್ಲ.

ಆ ಗೆಜೆಟಿಯರ್ ಮಾತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು: ಸವೆದರೆ ಹೊಸದು ತರಬೇಕು. ಬೂಟಿನ ವಿಷಯದಲ್ಲಿ ನಾವು ಮರೆಯುವುದೇ ಇದನ್ನು. ಕಾಡಿನ ಕೆಲಸದಲ್ಲಿ ಅಟ್ಟೆಯ ಹಲ್ಲು ಬೇಗ ಸವೆಯುತ್ತದೆ. ಒಮ್ಮೆ ಬೆಂಕಿ ಕಂಡ ಚರ್ಮ ಬಿರುಸಾಗಿ ಒಡೆಯುತ್ತದೆ. ಎಂದೋ ಒಂದು ಸಲ ಕೊಟ್ಟಿದ್ದೇವೆ ಎಂಬ ಲೆಕ್ಕ ಕಡತದಲ್ಲಿದ್ದರೆ ಕಾಲಿಗೆ ಏನು ಪ್ರಯೋಜನ? ಅಳತೆಯ ಮಾತೂ ಹೀಗೇ. ಸಗಟಾಗಿ ತರಿಸಿದ ಒಂದೇ ಅಳತೆಯ ಬೂಟು ಕಾಲು ಕಚ್ಚಿದರೆ ಯಾರೇ ಆದರೂ ಅದನ್ನು ಮೂಲೆಗಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ. ಹೆಣ್ಣುಮಕ್ಕಳು ಅರಣ್ಯ ರಕ್ಷಕರಾಗಿ ದುಡಿಯುತ್ತಿರುವ ಈ ಕಾಲದಲ್ಲಿ ಅವರ ಕಾಲಿನ ಅಳತೆಯೂ ಪಟ್ಟಿಯಲ್ಲಿ ಇರಬೇಕು.

ಕಾಯಂ ನೌಕರರ ಜೊತೆಗೆ ಬೇಸಿಗೆಯ ನಾಲ್ಕು ತಿಂಗಳಿಗೆ ದಿನಗೂಲಿಯ ಮೇಲೆ ಬರುವ ಬೆಂಕಿ ಕಾವಲುಗಾರರಿದ್ದಾರೆ. ಬೆಂಕಿ ಕಂಡು ಹೊಲದಿಂದ ಎದ್ದು ಓಡುವ ಊರ ಹುಡುಗರಿದ್ದಾರೆ. ಉರಿಗೆ ಎಲ್ಲರ ಕಾಲೂ ಒಂದೇ. ಬೂಟು ಕೊಡುವಾಗ ಕಾಯಂ ಯಾರು, ಗುತ್ತಿಗೆ ಯಾರು ಎಂದು ನೋಡುವುದು ಬೇಡ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸ್ಫೋಟಿಸಿ ಪ್ರಾಣ ಕೊಟ್ಟ 66 ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ. ಆದರೆ ಹಾಸನದ ಗುಡ್ಡಗಳು ಹೊತ್ತುವುದು ಅದಕ್ಕೆ ಎರಡು ತಿಂಗಳು ಮೊದಲೇ. ಅರಸೀಕೆರೆ, ಬೇಲೂರು, ಹಳೇಬೀಡು, ಸಕಲೇಶಪುರದ ಪಂಚಾಯಿತಿಗಳಿಗೆ, ಅರಣ್ಯ ಇಲಾಖೆಗೆ, ತೋಟದ ಮಾಲೀಕರಿಗೆ ನನ್ನ ಕೋರಿಕೆ ಒಂದೇ: ಡಿಸೆಂಬರ್ ಮುಗಿಯುವಷ್ಟರಲ್ಲಿ ನಿಮ್ಮ ಕಡೆಯಿಂದ ಬೆಂಕಿಗೆ ಹೋಗುವವರ ಕಾಲಿನ ಅಳತೆ ತೆಗೆದುಕೊಳ್ಳಿ. ಐಎಸ್‌ಐ ಗುರುತಿರುವ, ಹೊಲಿಗೆ ಹಾಕಿದ, ಕಣಕಾಲು ಮುಚ್ಚುವ ಚರ್ಮದ ಬೂಟು ತರಿಸಿ. ಜನವರಿಯಲ್ಲಿ ಒಂದು ತಿಂಗಳು ಹಾಕಿಕೊಂಡು ನಡೆದು ಕಾಲಿಗೆ ಪಳಗಲಿ. ಗುಡ್ಡದಲ್ಲಿ ಹೊಗೆ ಕಂಡವರು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ, ಊರೊಳಗಾದರೆ 101 ಅಥವಾ 112ಕ್ಕೆ ಕೂಡಲೇ ಕರೆ ಮಾಡಿ. ಚಪ್ಪಲಿಯಲ್ಲಿ ಯಾರನ್ನೂ ಬೆಂಕಿಗೆ ಕಳಿಸಬೇಡಿ.